ಒಲಿದವರು, ಒಲ್ಲದವರು

ಪ್ರೀತಿಯ ತಂಗಿ,

ನಿನ್ನ ಅನುವಾದವನ್ನು ಎರಡು ಸಲ ಓದಿದೆ. ಲ್ಯಾಟಿನ್ನಿನ 'ವೊಲೆನ್ಸ್' ಬಂದ ಕಡೆ ಹೆಚ್ಚುಕಡಿಮೆ ಎಲ್ಲಾ 'ಇಚ್ಛೆಯುಳ್ಳ' ಅಂತ ಹಾಕಿದ್ದೀಯ. ನಿಘಂಟಿನ ಪ್ರಕಾರ ತಪ್ಪಿಲ್ಲ. ಆದರೆ ಆ ಪದವನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ನೀನು ನೋಡಿಕೊಂಡಿಲ್ಲ.

ರೋಮಿನ ಲೇಖಕ ಕ್ಯಾಟೊನ ಬೇಸಾಯದ ಪುಸ್ತಕವನ್ನೇ ತಗೋ. ಕ್ರಿ.ಪೂ. 2ನೇ ಶತಮಾನದ್ದು. ಅದರಲ್ಲಿ ಬರುವ ಒಂದು ಪೂಜೆಯಲ್ಲಿ ಹಂದಿ, ಕುರಿ, ಹೋರಿಯನ್ನು ಹೊಲದ ಸುತ್ತ ನಡೆಸುತ್ತಾರೆ. ಯಜಮಾನ ಮಾರ್ಸ್ ದೇವರನ್ನು ಬೇಡುತ್ತಾನೆ: ಕಾಣುವ ರೋಗ, ಕಾಣದ ರೋಗ ದೂರ ಇಡು, ಕಾಳು ಬೆಳೆಯಲಿ, ದ್ರಾಕ್ಷಿ ಬಳ್ಳಿ ಹಬ್ಬಲಿ, ದನ ಕಾಯುವವರನ್ನೂ ದನಗಳನ್ನೂ ಕಾಪಾಡು. ಇಷ್ಟಕ್ಕೆಲ್ಲ ಮೊದಲು ಅವನು ಕೇಳುವುದು 'ವೊಲೆನ್ಸ್ ಪ್ರೊಪಿಟಿಯಸ್' ಆಗು ಅಂತ. ನೀನು 'ಇಚ್ಛೆಯುಳ್ಳವನೂ ಪ್ರಸನ್ನನೂ ಆಗು' ಅಂದಿದ್ದೀಯ. ಹೊಲದಲ್ಲಿ ನಿಂತವನು ಹಾಗೆ ಬೇಡುತ್ತಾನಾ? ನಮ್ಮಲ್ಲಿ ದೇವರು ಒಲಿಯುತ್ತಾನೆ. ಅವನು ಕರೆದದ್ದೂ 'ಮಾರ್ಸ್ ಪಾಟೆರ್' ಅಂತ, ಅಂದರೆ ತಂದೆ ಅಂತ. 'ಮಾರ್ಸ್ ತಂದೆ, ನಮಗೆ ಒಲಿ, ದಯೆ ತೋರು.' ಸಾಕಲ್ವಾ?

ಈ 'ಒಲಿ' ನಿನಗೆ ಇನ್ನೊಂದು ಕಡೆಯೂ ಕೈ ಹಿಡಿಯುತ್ತದೆ. ಗೆಳೆಯ ಲುಸಿಲಿಯಸ್‌ಗೆ ಬರೆದ 107ನೇ ಪತ್ರದಲ್ಲಿ ರೋಮಿನ ತತ್ವಜ್ಞಾನಿ ಸೆನೆಕಾ ಹೇಳುವ 'ಡುಕುಂಟ್ ವೊಲೆಂಟೆಮ್ ಫಾಟಾ, ನೊಲೆಂಟೆಮ್ ಟ್ರಹುಂಟ್' ನೋಡು. ನಿನ್ನ ಅನುವಾದ ಎರಡು ಸಾಲು ಹಿಡಿದಿದೆ. ಮೂಲದಲ್ಲಿ ಐದೇ ಪದ. ವೊಲೆಂಟೆಮ್, ನೊಲೆಂಟೆಮ್, ಒಂದೇ ಅಕ್ಷರದಲ್ಲಿ ಅರ್ಥ ತಿರುಗಿಬಿಡುತ್ತದೆ. ನಮ್ಮಲ್ಲೂ ಒಲಿದ, ಒಲ್ಲದ ಇವೆ. 'ಒಲಿದವನನ್ನು ವಿಧಿ ನಡೆಸುತ್ತದೆ, ಒಲ್ಲದವನನ್ನು ಎಳೆಯುತ್ತದೆ.' ಎಣಿಸಿ ನೋಡು, ಐದೇ ಪದ. ಇದು ಹೊಳೆದ ದಿನ ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

'ಡಿಯೋ ವೊಲೆಂಟೆ'ಗೆ ನೀನು ಬರೆದ 'ದೇವರ ಚಿತ್ತವಿದ್ದರೆ' ಚೆನ್ನಾಗಿದೆ. ಅದನ್ನು ಮುಟ್ಟಬೇಡ.

ಕಾನೂನಿನ ಮಾತಿಗೆ ಮಾತ್ರ 'ಒಲಿ' ಹೊಂದುವುದಿಲ್ಲ. 'ವೊಲೆಂಟಿ ನಾನ್ ಫಿಟ್ ಇಂಜುರಿಯಾ' ಅಂತ ನಮ್ಮ ಲಾ ಕಾಲೇಜುಗಳಲ್ಲೂ ಕಲಿಸುತ್ತಾರೆ. ಅಲ್ಲಿ 'ಒಪ್ಪಿದವನಿಗೆ ಅನ್ಯಾಯವಿಲ್ಲ' ಅನ್ನಬೇಕು. 1891ರಲ್ಲಿ ಇಂಗ್ಲೆಂಡಿನಲ್ಲಿ ಸ್ಮಿತ್ ಎಂಬ ಕಾರ್ಮಿಕನ ಕೇಸು ತೀರ್ಮಾನವಾಯಿತು. ಅವನು ಬಂಡೆ ಕೊರೆಯುತ್ತಿದ್ದ, ತಲೆಯ ಮೇಲೆ ಕ್ರೇನು ಕಲ್ಲು ಸಾಗಿಸುತ್ತಿತ್ತು. ಅಪಾಯ ಅವನಿಗೆ ಗೊತ್ತಿತ್ತು. ಒಂದು ದಿನ ಕಲ್ಲು ಬಿದ್ದು ಗಾಯವಾಯಿತು. ಗೊತ್ತಿದ್ದೂ ಕೆಲಸ ಮಾಡಿದ ಮಾತ್ರಕ್ಕೆ ಒಪ್ಪಿದ ಹಾಗಲ್ಲ ಅಂತ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ನಿನ್ನ 'ಇಚ್ಛೆಯುಳ್ಳವನಿಗೆ ಅನ್ಯಾಯವಿಲ್ಲ' ಓದಿದರೆ ಸ್ಮಿತ್ ಆ ಕಲ್ಲನ್ನು ಬಯಸಿದ್ದನೇನೋ ಅನ್ನಿಸುತ್ತದೆ.

ಮಾರ್ಸ್ ಪ್ರಾರ್ಥನೆಯ ಪುಟವನ್ನು ಮೊದಲು ಗಟ್ಟಿಯಾಗಿ ಬಾಯಲ್ಲಿ ಹೇಳಿ ನೋಡು. ಆಮೇಲೆ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ