ಬಾಲ ಮುಚ್ಚುವ ಮೊದಲು ಆಂಟೆನಾ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಸ್ವಂತ ಕೈಯಿಂದ ಚಿಕ್ಕ ವಿಮಾನ ಕಟ್ಟುವ ಹುಮ್ಮಸ್ಸಿನ ಹುಡುಗರು ನಮ್ಮ ಬೆಂಗಳೂರಿನಲ್ಲಿದ್ದಾರೆ. ಅವರಿಗೂ ಅವರ ಮೇಷ್ಟ್ರುಗಳಿಗೂ ನನ್ನದೊಂದು ಮಾತು. ಬಾಲ ಅಂಟಿಸಿ ಮುಚ್ಚುವ ಮೊದಲು ರೇಡಿಯೊ ಗೊತ್ತಿರುವವರನ್ನು ಒಮ್ಮೆ ಕರೆಯಿರಿ.

ನಾನು ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವನು. ಹೋದ ವರ್ಷ ಜಕ್ಕೂರಿನ ಹತ್ತಿರದ ಒಂದು ಶೆಡ್ಡಿಗೆ ಕರೆ ಬಂತು. ಎರಡು ಸೀಟಿನ ವಿಮಾನ, ಗ್ಲಾಸ್ ಫೈಬರ್ ಮೈ. ಹೊರಗೆ ಚಾಚಿದರೆ ಗಾಳಿಗೆ ಅಡ್ಡ ಅಂತ ಆಂಟೆನಾವನ್ನು ಬಾಲದೊಳಗೇ ಇಟ್ಟಿದ್ದರು. ಯೋಚನೆ ಸರಿಯಾದದ್ದೇ. ಗ್ಲಾಸ್ ಫೈಬರ್ ರೇಡಿಯೊ ಅಲೆಯನ್ನು ತಡೆಯುವುದಿಲ್ಲ. ಕಾರ್ಬನ್ ಫೈಬರ್ ಆಗಿದ್ದರೆ ತಗಡಿನ ಡಬ್ಬಿಯೊಳಗೆ ಇಟ್ಟ ಹಾಗೆ ಆಗುತ್ತಿತ್ತು. ವಿಮಾನ ನಿಲ್ದಾಣದ ಟವರಿನ ಆಂಟೆನಾ ನೆಟ್ಟಗೆ ನಿಂತಿರುತ್ತದೆ, ವಿಮಾನದ್ದೂ ನೆಟ್ಟಗಿರಬೇಕು. ಅದಕ್ಕೆ ಬಾಲ ಒಳ್ಳೆಯ ಜಾಗ.

ಆದರೆ ಮೀಟರ್ ಹಚ್ಚಿದರೆ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) 4 ದಾಟಿತ್ತು. ಅಂದರೆ ಕಳಿಸಿದ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಾಪಸ್. ಆ ಹುಡುಗರ ಮುಖ ನೋಡಲಾಗಲಿಲ್ಲ. ಎರಡು ದಿನ ಉಜ್ಜಿ ಉಜ್ಜಿ ಬಾಲ ತೆರೆದೆವು. ದೀಪದ ವೈರು ಆಂಟೆನಾಗೆ ತಾಗಿಕೊಂಡೇ ಮೇಲೆ ಹತ್ತಿತ್ತು. ಕೇಬಲ್ಲಿನ ಹೊರಮೈಯಲ್ಲಿ ರೇಡಿಯೊ ಶಕ್ತಿ ಹರಿಯದಂತೆ ತಡೆಯುವ ಫೆರೈಟ್ ಉಂಗುರ ಒಂದೂ ಇರಲಿಲ್ಲ.

ಎಸ್‌ಪಿ ರೋಡಿನಿಂದ ಅರ್ಧ ಇಂಚಿನ ತಾಮ್ರದ ಟೇಪು, ಮೂರು ಉಂಗುರ ತಂದೆವು. ಟೇಪಿನ ಹಿಂದಿನ ಕಾಗದ ಸುಲಿದು, ಹೆಬ್ಬೆರಳ ಉಗುರಿನಲ್ಲಿ ತೀಡುತ್ತಾ ಮೇಲೊಂದು ಕೆಳಗೊಂದು ಅಂಟಿಸಿದೆವು. ಒಂದೊಂದೂ ಸುಮಾರು 51 ಸೆಂ.ಮೀ. ಕೇಬಲ್ಲಿನ ನಡುತಂತಿ ಮೇಲಿನದಕ್ಕೆ, ಜಾಲರಿ ಕೆಳಗಿನದಕ್ಕೆ. ಬೆಸುಗೆ ಕಡ್ಡಿ ಸ್ವಲ್ಪ ಜಾಸ್ತಿ ಹೊತ್ತು ತಾಗಿದರೂ ಕೆಳಗಿನ ಫೋಮ್ ಕರಗಿ ಗುಂಡಿ ಬೀಳುತ್ತದೆ. ಅವರಲ್ಲೊಬ್ಬ ಹುಡುಗಿ ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಬೆಸೆದಳು. ನನಗೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಕೈ ಈಗ ನಡುಗುತ್ತದೆ. ದೀಪವನ್ನು ಬಾಲದ ಬುಡಕ್ಕೆ ಇಳಿಸಿದ್ದರಿಂದ ವೈರು ಮೇಲೆ ಹತ್ತುವುದೇ ತಪ್ಪಿತು. ವಿಮಾನದವರ ಮಾತುಕತೆ 118ರಿಂದ 137 ಮೆಗಾಹರ್ಟ್ಸ್ ಒಳಗೆ ನಡೆಯುತ್ತದೆ. ನಡುವಿನ 127ಕ್ಕೆ ಇಟ್ಟು ನೋಡಿದೆವು, 1.5 ಬಂತು. ಆಮೇಲೆಯೇ ಬಾಲ ಮುಚ್ಚಿದ್ದು. ಮೆಟಾಲಿಕ್ ಬೆಳ್ಳಿ ಬಣ್ಣ ಬೇಡ ಅಂದೆ, ಅದರಲ್ಲಿ ಲೋಹದ ಪುಡಿ ಇರುತ್ತದೆ ಅಲ್ವಾ. ಬಿಳಿ ಹೊಡೆದರು.

ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ಎರಡು ಸೀಟಿನ ಚಿಕ್ಕ ವಿಮಾನ ‘ಹಂಸ’ 1993ರಲ್ಲೇ ಹಾರಿದ ಊರು ಇದು. ಕಾಂಪೋಸಿಟ್ ಕೆಲಸ, ಅಂದರೆ ಫೈಬರ್ ಮೈ ಕಟ್ಟುವ ಕೆಲಸ, ಬಲ್ಲವರಿಗೆ ಇಲ್ಲಿ ಬರವಿಲ್ಲ. ಆಂಟೆನಾ ಬಲ್ಲವರೂ ಇದ್ದೇವೆ. ಮುಚ್ಚಿದ ಮೇಲೆ ಕರೆಯಬೇಡಿ, ಮೊದಲೇ ಕರೆಯಿರಿ. ನನ್ನ ಹತ್ತಿರ ಮೀಟರ್ ಇದೆ, ಬರುತ್ತೇನೆ.

– ಒಬ್ಬ ನಿವೃತ್ತ ರೇಡಿಯೊ ಮೆಕ್ಯಾನಿಕ್, ಯಲಹಂಕ, ಬೆಂಗಳೂರು