ಬಾಟಿಕ್ ಅಂದರೆ ಬರೀ ಡಿಸೈನ್ ಅಲ್ಲ

ಸಂಪಾದಕರೇ,

'ಬಾಟಿಕ್' ಎಂದು ನಂಬಿ ತಂದ ಸೀರೆಯಲ್ಲಿ ಮೇಣ ಬಳಸಿದ ಸುಳಿವೇ ಇಲ್ಲ, ಸುಮ್ನೆ ಮೆಷಿನ್ ಪ್ರಿಂಟು! ಬಾಟಿಕ್ ಇಂಡೊನೇಷ್ಯಾದ ಜಾವಾ ಭಾಷೆಯ ಪದ. 'ಚಾಂಟಿಂಗ್' ಎಂಬ ಪುಟ್ಟ ತಾಮ್ರದ ಉಪಕರಣದಿಂದ ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಚಿತ್ರ ಬರೆದು, ಬಣ್ಣದಲ್ಲಿ ಅದ್ದಿ, ಆಮೇಲೆ ಮೇಣ ಕರಗಿಸಿ ತೆಗೆಯುತ್ತಾರೆ. ಮೇಣ ಇದ್ದಲ್ಲಿ ಬಣ್ಣ ಹತ್ತುವುದಿಲ್ಲ. ಚುಕ್ಕಿ ಎಂಬ ಅರ್ಥದ 'ತಿತಿಕ್' ಜೊತೆ ಈ ಪದಕ್ಕೆ ನಂಟು ಹೇಳುವವರಿದ್ದಾರೆ. ಯುರೋಪಿಗೆ ಹೋದ ಮೇಲೆ ಅರ್ಥ ಹಿಗ್ಗಿತು. ಜರ್ಮನ್ನರು ಗಂಟು ಕಟ್ಟಿ ಬಣ್ಣ ಹಾಕುವುದಕ್ಕೂ ಬಾಟಿಕ್ ಅಂತಾರೆ. ನಮ್ಮಲ್ಲಿ ಅದು ಬಾಂಧನಿ, ಅಲ್ವಾ? ರಷ್ಯನ್ನಿನಲ್ಲಿ ರೇಷ್ಮೆಯ ಮೇಲಿನ ಚಿತ್ರಕಲೆಯೂ ಬಾಟಿಕ್ಕೇ. 2009ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿಗೆ ಸೇರಿದ್ದು ಇಂಡೊನೇಷ್ಯಾದ ಕೈಕೆಲಸ. ಅಂಗಡಿಯವರು 'ಬಾಟಿಕ್ ಮಾದರಿಯ ಪ್ರಿಂಟ್' ಎಂದು ಚೀಟಿ ಹಚ್ಚಲಿ, ನನ್ನ ತಕರಾರಿಲ್ಲ.

– ಒಬ್ಬ ಓದುಗಳು, ಮೈಸೂರು