ಬೊಗಸೆಯ ಕಲ್ಲಿಗೆ ಮಳೆಯ ಲೆಕ್ಕ

ಪ್ರೀತಿಯ ಗೆಳೆಯ,

ದಂಡೆಯ ಪಾರ್ಕಿಗೆಂದು ನೀನು ಗ್ರಾನೈಟಿನಲ್ಲಿ ಕೆತ್ತಲಿರುವ ಬೊಗಸೆಯ ಸ್ಕೆಚ್ ನೋಡಿದೆ. ತುಂಗೆಯ ದಂಡೆಗೆ ಇದಕ್ಕಿಂತ ಒಳ್ಳೆಯ ರೂಪ ನನಗಂತೂ ಹೊಳೆಯದು. ಆದರೆ ಮಾರಾಯ, ತೀರ್ಥಹಳ್ಳಿಯ ಬಯಲಲ್ಲಿ ಬೊಗಸೆ ಒಡ್ಡಿದರೆ ಮೊದಲು ಮಳೆನೀರು ತುಂಬುತ್ತದೆ, ಆಮೇಲೆ ತರಗೆಲೆ, ಆಮೇಲೆ ಸೊಳ್ಳೆಮರಿ. ಅಂಗೈ ನಡುವೆ ತೂತು ಕೊರೆದರಾಯಿತು ಅಂತ ಬರೆದಿದ್ದೀಯ. ಒಂದಿಂಚಿನ ತೂತು ಮುಚ್ಚಲು ಎರಡು ಎಲೆ ಸಾಕು. ಎರಡೂ ಕೈ ಕೂಡುವ ಗೆರೆಯನ್ನೇ ಕಾಲುವೆ ಮಾಡಿ, ಬೆರಳ ತುದಿಯ ಕಡೆಗೆ ಅಡಿಗೆ ಮುಕ್ಕಾಲು ಇಂಚಿನಂತೆ ಇಳಿಜಾರು ಕೊಡು. ಬೇಡುವ ಬೊಗಸೆ ಆಗ ತುಂಗೆಗೆ ಅರ್ಘ್ಯ ಬಿಡುವ ಬೊಗಸೆಯಾಗುತ್ತದೆ.

ತುದಿಗೆ ಬಂದ ನೀರು ನೇರ ಕೆಳಗೆ ಬೀಳುವುದಿಲ್ಲ. ಬೆರಳಿನ ಅಡಿಗೆ ಅಂಟಿಕೊಂಡೇ ಮಣಿಕಟ್ಟಿನವರೆಗೆ ಹಿಂದೆ ಹರಿದು ಕಪ್ಪು ಪಟ್ಟೆ ಎಳೆಯುತ್ತದೆ. ಮನೆಯ ಸಜ್ಜೆಗೆ ಬಿಡುವ ಹಾಗೆ ತುದಿಯಿಂದ ಒಂದಿಂಚು ಒಳಗೆ, ಅಡಿಭಾಗದಲ್ಲಿ ಅಡ್ಡಲಾಗಿ ಅರ್ಧ ಇಂಚಿನ ಗೀರು ಕೊರೆ. ಕಲ್ಲು ಮುಟ್ಟುವ ಮೊದಲೇ ಪ್ಲಾಸ್ಟರ್ ಮಾದರಿಗೆ ಬಣ್ಣದ ನೀರು ಸುರಿದು ನೋಡು. ಎಲ್ಲಿ ನಿಲ್ಲುತ್ತದೋ ಅಲ್ಲೇ ಪಾಚಿ.

ಬೆರಳುಗಳನ್ನು ಬಿಡಿಸುವ ಆಸೆ ಬೇಡ. ಗ್ರಾನೈಟ್ ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಎಳೆದರೆ, ಬಾಗಿಸಿದರೆ ಮಾತ್ರ ಪಟ್ಟನೆ ಮುರಿಯುತ್ತದೆ; ಪಾರ್ಕಿನ ಮಕ್ಕಳು ಜೋತಾಡದೆ ಬಿಡುವುದಿಲ್ಲ, ಬಿಡಲೂಬಾರದು. ಬೆರಳು ಕೂಡಿಸಿಯೇ ಇರಲಿ, ತುದಿಯಲ್ಲೂ ನಾಲ್ಕು ಇಂಚು ದಪ್ಪ ಉಳಿಸು.

ಕಲ್ಲು ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡ. ಸುತ್ತಿಗೆಯಿಂದ ಎಲ್ಲ ಬದಿಯಲ್ಲೂ ಬಡಿದು ಕೇಳು. ಠಣ್ ಅಂದರೆ ಸರಿ, ದಬ್ ಅಂದರೆ ಒಳಗೆ ಸೀಳಿದೆ. ಕೊಡ ನೀರು ಸುರಿದು ಬಿಡು. ಮೈಯೆಲ್ಲ ಒಣಗಿದ ಮೇಲೂ ಒಂದು ಸಣ್ಣ ಕಪ್ಪು ಗೆರೆ ಉಳಿದರೆ ಆ ಕಲ್ಲು ಬೇಡ. ಹಿತ್ತಾಳೆ ಬಣ್ಣದ ಚುಕ್ಕಿ ಮಿನುಗಿದರೂ ಬೇಡ, ಅದು ಪೈರೈಟ್ ಅನ್ನುವ ಕಬ್ಬಿಣದ ಖನಿಜ, ಮಳೆಗೆ ತುಕ್ಕು ಇಳಿಸುತ್ತದೆ. ಇನ್ನು ಕೊನೆಯ ಅರ್ಧ ಇಂಚಿನಲ್ಲಿ ಉಳಿಯನ್ನು ನೆಟ್ಟಗೆ ಹಿಡಿದು ಹೊಡೆಯಬೇಡ, ಓರೆಯಾಗಿಯೇ ತೆಗೆ. ನೆಟ್ಟನೆಯ ಪೆಟ್ಟಿಗೆ ಒಳಗಿನ ಹರಳು ನಜ್ಜಾಗಿ, ಪಾಲಿಶ್ ಮಾಡಿದಾಗ ಬಿಳಿ ಮಚ್ಚೆ ಎದ್ದು ಬರುತ್ತದೆ. ಮುಖದ ತುಂಬ ಮೊನೆಹಲ್ಲಿರುವ ಬುಶ್ ಹ್ಯಾಮರ್ ಸುತ್ತಿಗೆಯದೂ ಇದೇ ಕಥೆ.

ಈಚೆಗೆ ನನ್ನನ್ನು ಕೊರೆಯುತ್ತಿರುವುದೇ ಈ ಪಾಲಿಶ್. ನಾವು ಹೊಳಪು ಕೊಡುವುದು ಉದ್ಘಾಟನೆಯ ಫೋಟೋಕ್ಕೋ, ಹತ್ತನೇ ಮಳೆಗಾಲಕ್ಕೋ? 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಗೆ ಮದನಿಕೆಯರನ್ನು ಕೆತ್ತಿದವರಲ್ಲಿ ಒಬ್ಬನಾದ ದಾಸೋಜ ನಮ್ಮ ಬಳ್ಳಿಗಾವಿಯವನು. ಮೆತ್ತನೆಯ ಬಳಪದ ಕಲ್ಲಿನಲ್ಲಿ ಅವನು ಬಿಡಿಸಿದ ಬಳೆ, ಹಾರ ಇವತ್ತಿಗೂ ಉಳಿದಿರುವುದಕ್ಕೆ ಮೇಲೆ ಚಾಚಿದ ಸೂರೂ ಒಂದು ಕಾರಣ. ನಿನ್ನ ಬೊಗಸೆಗೆ ಸೂರಿಲ್ಲ. ಕುಪ್ಪಳಿಯ ಕವಿಶೈಲದಲ್ಲಿ ಕಲಾವಿದ ಕೆ.ಟಿ. ಶಿವಪ್ರಸಾದ್ ನಿಲ್ಲಿಸಿದ ಒರಟು ಬಂಡೆಗಳಿಗೂ ಇಲ್ಲ. ಪಾಚಿ, ಕಲ್ಲುಹೂವು ಏನು ಹತ್ತಿದರೂ ಅವಕ್ಕೆ ಕುಂದಿಲ್ಲ. ಅಷ್ಟು ಬಿಟ್ಟುಕೊಡುವ ಧೈರ್ಯ ನನಗೆ ಬಂದಿಲ್ಲ. ಪಾಚಿ ಹತ್ತಿದರೆ ನನ್ನ ಉಳಿಯ ಗುರುತು ಮುಚ್ಚಿಹೋಗುತ್ತದೆ, ಇದನ್ನು ಒಬ್ಬ ಕೂತು ಕೆತ್ತಿದ ಅನ್ನುವುದೇ ಮರೆತುಹೋಗುತ್ತದೆ ಎಂಬ ಭಯ. ದಾಸೋಜ ತನ್ನ ಹೆಸರನ್ನೂ ಊರನ್ನೂ ಕೆತ್ತಿಟ್ಟ. ನಮ್ಮ ಊರುಗಳ ವೃತ್ತದ ಪ್ರತಿಮೆಗಳಲ್ಲಿ ಹೆಚ್ಚಾಗಿ ಕಾಣುವುದು ಉದ್ಘಾಟಿಸಿದವರ ಹೆಸರು. ನನಗೂ ಹೆಸರು ಬೇಕು ಮಾರಾಯ. ಇದನ್ನು ಹೇಳಲು ಕೂತವನಲ್ಲ ನಾನು.

ಇರಲಿ, ಊರೆಲ್ಲ ಓದುತ್ತಿದೆ.

ನನ್ನ ಮಾತು ಕೇಳುವುದಾದರೆ ನೀರು ಹರಿಯುವ ಒಳಮೈಗೆ ಮಾತ್ರ ಪಾಲಿಶ್ ಕೊಡು, ಹೊರಮೈಯಲ್ಲಿ ಮೊನೆ ಉಳಿಯ ಗೆರೆ ಹಾಗೇ ಇರಲಿ. ಪೀಠಕ್ಕೆ ಕೂರಿಸಲು ಸಾದಾ ಕಬ್ಬಿಣದ ಸರಳು ಬೇಡವೇ ಬೇಡ. ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಸುಲಭಕ್ಕೆ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸರಳು, 20 ಮಿ.ಮೀ. ದಪ್ಪದ್ದು, ತಿರುಗದಂತೆ ಎರಡು ಹಾಕು. ಹೆಸರನ್ನು ಪೀಠದ ನೆಟ್ಟನೆಯ ಮುಖದಲ್ಲಿ, ನೀರು ನಿಲ್ಲದ ಕಡೆ, ಕಾಲಿಂಚು ಆಳಕ್ಕೆ ಕೆತ್ತು. ಕ್ರೇನಿನವರಿಗೆ ತೂಕ ಕಡಿಮೆ ಹೇಳಬೇಡ: ಐದಡಿ, ಮೂರಡಿ, ಎರಡೂವರೆ ಅಡಿಯ ದಿಮ್ಮಿ ಅಂದರೆ ಹತ್ತಿರ ಹತ್ತಿರ 2.8 ಟನ್. ಮಳೆ ಹಿಡಿಯುವ ಮೊದಲೇ ಕರೆಸು, ದಂಡೆಯ ಮಣ್ಣು ನೆನೆದರೆ ಗಾಡಿ ಹೂತುಹೋಗುತ್ತದೆ.

ನಿನ್ನವ